ಬೆದೆ ಕಾಯದೆ ಗರ್ಭಧಾರಣೆ: ಮೇಯುವ ಹಸುಗಳಲ್ಲಿ ಹಾರ್ಮೋನುಗಳ ವೇಳಾಪಟ್ಟಿ

ಮಾಂಸಕ್ಕಾಗಿ ಸಾಕುವ, ಕರುವಿನೊಂದಿಗೆ ದಿನವಿಡೀ ಬಯಲಿನಲ್ಲಿ ಮೇಯುವ ಹಸುಗಳಿಗೆ ಕೃತಕ ಗರ್ಭಧಾರಣೆ ಮಾಡಿಸುವಾಗ ಎದುರಾಗುವ ದೊಡ್ಡ ತೊಡಕು ಬೆದೆಯನ್ನು ಗುರುತಿಸುವುದು. ಹಾಲು ಕರೆಯುವ ಹಸು ದಿನಕ್ಕೆರಡು ಸಲ ಮನುಷ್ಯರ ಕಣ್ಣಿಗೆ ಬೀಳುತ್ತದೆ, ಇವು ಬೀಳುವುದಿಲ್ಲ. ಸುಮಾರು 21 ದಿನಗಳಿಗೊಮ್ಮೆ ಬರುವ ಬೆದೆ 12ರಿಂದ 18 ಗಂಟೆಗಳಲ್ಲಿ ಮುಗಿಯುತ್ತದೆ. ಡುಬ್ಬವಿರುವ ತಳಿಗಳಲ್ಲಿ ಅದು ಇನ್ನೂ ಚಿಕ್ಕದು, ಎಷ್ಟೋ ಸಲ ರಾತ್ರಿಯಲ್ಲೇ ಬಂದು ಹೋಗುತ್ತದೆ. ಹೀಗಾಗಿ ಬೆದೆಯನ್ನು ಹುಡುಕುವುದನ್ನೇ ಬಿಟ್ಟು, ಅಂಡ ಬಿಡುಗಡೆಯಾಗುವ ಹೊತ್ತನ್ನು ಹಾರ್ಮೋನುಗಳಿಂದ ಗೊತ್ತುಪಡಿಸಿ, ಇಡೀ ಮಂದೆಗೆ ಒಂದೇ ದಿನ ವೀರ್ಯ ಸೇರಿಸುವ ಕ್ರಮ ಬಳಕೆಗೆ ಬಂದಿತು.

1995ರಲ್ಲಿ ಪ್ರಕಟವಾದ ‘ಓವ್‌ಸಿಂಕ್’ ಎಂಬ ಹಾರ್ಮೋನು ವೇಳಾಪಟ್ಟಿ ಈ ದಾರಿಯ ಮುಖ್ಯ ಮೈಲಿಗಲ್ಲು. ಆದರೆ ಅದು ರೂಪುಗೊಂಡದ್ದು ಹೈನು ಹಸುಗಳಲ್ಲಿ. ಮೇಯುವ ಹಸುಗಳಿಗೆ, ಅದರಲ್ಲೂ ದಕ್ಷಿಣ ಅಮೆರಿಕದಲ್ಲಿ, ಹೆಚ್ಚಾಗಿ ಬಳಸುವ ಕ್ರಮವೇ ಬೇರೆ. ಮೊದಲ ದಿನ, ಗರ್ಭವನ್ನು ಕಾಪಾಡುವ ಹಾರ್ಮೋನಾದ ಪ್ರೊಜೆಸ್ಟರಾನ್ ತುಂಬಿದ ಸಿಲಿಕೋನ್ ಸಾಧನವೊಂದನ್ನು ಯೋನಿಯೊಳಗೆ ಇರಿಸಿ, 2 ಮಿಲಿಗ್ರಾಂ ಈಸ್ಟ್ರಡಿಯಾಲ್ ಬೆಂಜೋಯೇಟ್ (ಈಸ್ಟ್ರೊಜನ್ ಬಗೆಯ ಹಾರ್ಮೋನು) ಚುಚ್ಚುತ್ತಾರೆ. ಇವೆರಡೂ ಸೇರಿ ಅಂಡಾಶಯದಲ್ಲಿ ಆಗಲೇ ಬೆಳೆಯುತ್ತಿರುವ ಅಂಡಕೋಶಗಳನ್ನು, ಎಂದರೆ ಅಂಡವನ್ನು ಹೊತ್ತ ಗುಳ್ಳೆಗಳನ್ನು, ಅಡಗಿಸುತ್ತವೆ. ಸುಮಾರು ನಾಲ್ಕು ದಿನಗಳಲ್ಲಿ ಎಲ್ಲ ಹಸುಗಳಲ್ಲೂ ಹೆಚ್ಚುಕಡಿಮೆ ಒಟ್ಟಿಗೆ ಅಂಡಕೋಶಗಳ ಹೊಸ ಅಲೆ ಏಳುತ್ತದೆ. ಎಂಟನೆಯ ದಿನ ಸಾಧನವನ್ನು ಹೊರತೆಗೆದು ಪ್ರೊಸ್ಟಾಗ್ಲಾಂಡಿನ್ ಕೊಟ್ಟಾಗ, ಹಿಂದಿನ ಚಕ್ರದ ಕಾರ್ಪಸ್ ಲೂಟಿಯಂ (ಅಂಡ ಹೊರಬಿದ್ದ ಜಾಗದಲ್ಲಿ ಬೆಳೆದು ಪ್ರೊಜೆಸ್ಟರಾನ್ ಸ್ರವಿಸುವ ಗ್ರಂಥಿ) ಉಳಿದಿದ್ದರೆ ಕರಗುತ್ತದೆ. ಅದೇ ಹೊತ್ತಿಗೆ ಕೊಡುವ ಅಲ್ಪ ಪ್ರಮಾಣದ ಈಸ್ಟ್ರಡಿಯಾಲ್ ಸಿಪಿಯೊನೇಟ್ ಅಂಡ ಬಿಡುಗಡೆಗೆ ಪ್ರಚೋದನೆಯಾಗುತ್ತದೆ. 48ರಿಂದ 52 ಗಂಟೆಗಳ ನಂತರ ವೀರ್ಯ ಸೇರಿಸುತ್ತಾರೆ. ಮೊದಲ ದಿನ ಮಂದೆಯನ್ನು ಒಂದೆಡೆ ಕೂಡಿಹಾಕಲು ತಡವಾದರೆ ಕೊನೆಯ ದಿನದ ಲೆಕ್ಕವೂ ಅಷ್ಟೇ ತಪ್ಪುತ್ತದೆ. ಅಂದ ಹಾಗೆ, ಪ್ರೊಸ್ಟಾಗ್ಲಾಂಡಿನ್ ಮನುಷ್ಯರ ಚರ್ಮದ ಮೂಲಕವೂ ಒಳಸೇರುವುದರಿಂದ ಬಸುರಿಯರೂ ಆಸ್ತಮಾ ಇರುವವರೂ ಆ ಸೀಸೆಯನ್ನು ಮುಟ್ಟದಿರುವುದೇ ಕ್ಷೇಮ.

ಕಷ್ಟವಿರುವುದು ವೇಳಾಪಟ್ಟಿಯಲ್ಲಲ್ಲ, ಹಸುವಿನ ಮೈಯಲ್ಲಿ. ಗರ್ಭಾವಧಿಯೇ ಸುಮಾರು 283 ದಿನಗಳಾದ್ದರಿಂದ, ವರ್ಷಕ್ಕೊಂದು ಕರು ಬೇಕೆಂದರೆ ಈದ 80 ದಿನಗಳೊಳಗೆ ಹಸು ಮತ್ತೆ ಗರ್ಭ ಕಟ್ಟಬೇಕು. ಆದರೆ ಕರು ಕೆಚ್ಚಲು ಕುಡಿಯುತ್ತಿರುವುದು ಮತ್ತು ಮೇವಿನ ಕೊರತೆ, ಇವೆರಡೂ ಮೆದುಳಿನಿಂದ ಅಂಡಾಶಯಕ್ಕೆ ಹೋಗಬೇಕಾದ ಸಂಕೇತವನ್ನು ತಗ್ಗಿಸುವುದರಿಂದ, ಬಡಕಲಾದ ಹಸು ತಿಂಗಳುಗಟ್ಟಲೆ ಬೆದೆಗೇ ಬರದಿರಬಹುದು. ಪ್ರೊಜೆಸ್ಟರಾನ್ ಸಾಧನದ ನಿಜವಾದ ಉಪಯೋಗ ಇಂಥ ಹಸುಗಳಲ್ಲಿ ಕಾಣುತ್ತದೆ: ಕೆಲವು ದಿನ ಅದರ ಪ್ರಭಾವದಲ್ಲಿದ್ದ ಅಂಡಾಶಯ, ಅದನ್ನು ತೆಗೆದೊಡನೆ ಮತ್ತೆ ಚಕ್ರಕ್ಕೆ ಮರಳುವ ಸಾಧ್ಯತೆ ಹೆಚ್ಚು. ಸಾಧನ ತೆಗೆಯುವ ದಿನವೇ ಇಸಿಜಿ ಎಂಬ ಇನ್ನೊಂದು ಹಾರ್ಮೋನನ್ನು 300ರಿಂದ 400 ಯೂನಿಟ್ ಕೊಟ್ಟರೆ ಅಂಡಕೋಶದ ಕೊನೆಯ ಹಂತದ ಬೆಳವಣಿಗೆಗೆ ಬಲ ಬರುತ್ತದೆ. ಮೈಯಲ್ಲಿ ಕಸುವಿಲ್ಲದ ಹಸುಗಳಲ್ಲಿ ಇದರ ಲಾಭ ಹೆಚ್ಚು, ದುಂಡಗಿರುವ ಹಸುಗಳಲ್ಲಿ ಕಡಿಮೆ. ಬಸಿರಾದ ಕುದುರೆಗಳ ರಕ್ತದಿಂದ ಇದನ್ನು ತೆಗೆಯುವ ಬಗೆಯ ಮೇಲೆ ಇರುವ ಆಕ್ಷೇಪಗಳು ನನ್ನ ದೃಷ್ಟಿಯಲ್ಲಿ ತಳ್ಳಿಹಾಕುವಂಥವಲ್ಲ. ಇನ್ನು ತೀರಾ ಎಲುಬು ಕಾಣುವ ಹಸುವಿಗೆ ಇಷ್ಟೆಲ್ಲ ಚುಚ್ಚುವುದಕ್ಕಿಂತ ಆ ದುಡ್ಡನ್ನು ಮೇವಿಗೆ ಹಾಕುವುದು ಮೇಲು.

ಐರೋಪ್ಯ ಒಕ್ಕೂಟದಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಈಸ್ಟ್ರಡಿಯಾಲ್ ಕೊಡುವಂತಿಲ್ಲ. ಅಲ್ಲಿ ಜಿಎನ್‌ಆರ್‌ಎಚ್ (ಅಂಡ ಬಿಡುಗಡೆಗೆ ಚಾಲನೆ ಕೊಡುವ ಮೆದುಳಿನ ಹಾರ್ಮೋನು) ಆಧಾರಿತ ಕ್ರಮಗಳೇ ಗತಿ. ಯಾವ ಕ್ರಮವಾದರೂ ಒಂದು ಸಲದ ವೀರ್ಯಕ್ಕೆ ಅರ್ಧದಷ್ಟು ಹಸುಗಳು ಗರ್ಭ ಕಟ್ಟಿದರೆ ಅದನ್ನು ಒಳ್ಳೆಯ ಫಲಿತಾಂಶವೆಂದೇ ಎಣಿಸುತ್ತಾರೆ. ಉಳಿದವುಗಳಿಗಾಗಿ ಒಂದೆರಡು ವಾರ ಬಿಟ್ಟು ಹೋರಿಗಳನ್ನು ಮಂದೆಗೆ ಸೇರಿಸುವುದು ರೂಢಿ. ಆ ಅಂತರದಿಂದಾಗಿ ಮುಂದೆ ಹುಟ್ಟುವ ಕರು ಕೃತಕ ಗರ್ಭಧಾರಣೆಯದ್ದೋ ಹೋರಿಯದ್ದೋ ಎಂದು ಈದ ದಿನಾಂಕದಿಂದಲೇ ಬಹುಮಟ್ಟಿಗೆ ಹೇಳಬಹುದು.