ನಮ್ಮ ಖಾಸದಾರ್ ಲೆಕ್ಕ ಓದೋದು ಹೇಗೆ: ವೋಟು, ಹಾಜರಿ, ಪ್ರಶ್ನೆ, ದುಡ್ಡು

ಮುಂಬೈನ ಡೊಂಬಿವ್ಲಿ, ಮುಲುಂಡ್ ಕಡೆ ಹೋಟೆಲ್ ಡ್ಯೂಟಿ, ಆಫೀಸು ಮುಗಿಸ್ಕೊಂಡು ರಾತ್ರಿ ಎಂಪಿಎಸ್‌ಸಿಗೆ (ಮಹಾರಾಷ್ಟ್ರ ಲೋಕಸೇವಾ ಆಯೋಗದ ಪರೀಕ್ಷೆಗೆ) ಓದ್ತಿರೋ ನಮ್ಮ ಕನ್ನಡದವರಿಗೆ ಈ ಟಿಪ್ಪಣಿ. ಎರಡು ಸದನ, ಮಸೂದೆಯ ಮೂರು ವಾಚನ, ಇದೆಲ್ಲಾ ನಿಮಗೆ ಗೊತ್ತೇ ಇರುತ್ತೆ, ಬಿಟ್ಟುಬಿಡ್ತೀನಿ. ಕಷ್ಟ ಶುರುವಾಗೋದು ಒಬ್ಬ ಎಂಪಿಯ (ಮರಾಠಿಯಲ್ಲಿ ಖಾಸದಾರ್) ದಾಖಲೆ ಎದುರಿಗಿಟ್ಕೊಂಡಾಗ. ಇಷ್ಟು ಪರ್ಸೆಂಟ್ ಹಾಜರಿ, ಇಷ್ಟು ಪ್ರಶ್ನೆ, ಇಷ್ಟು ಕೋಟಿ ಖರ್ಚು ಅಂತ ಸಾಲಾಗಿ ಅಂಕಿ ಇರ್ತವೆ, ಯಾವುದಕ್ಕೆ ಎಷ್ಟು ಬೆಲೆ ಕೊಡ್ಬೇಕು ಅನ್ನೋದು ಎಲ್ಲೂ ಬರೆದಿರಲ್ಲ. ನಾನು ಪ್ರತಿ ಅಂಕಿ ಪಕ್ಕ ಪೆನ್ಸಿಲ್‌ನಲ್ಲಿ ಒಂದೇ ಪ್ರಶ್ನೆ ಬರೀತೀನಿ: ಇದನ್ನ ತೀರ್ಮಾನ ಮಾಡಿದ್ದು ಯಾರು, ಎಂಪಿನಾ, ಪಾರ್ಟಿನಾ, ಜಿಲ್ಲಾಡಳಿತನಾ?

ವೋಟು

ಇಲ್ಲಿ ಜಾಸ್ತಿ ಹೊತ್ತು ನಿಲ್ತೀನಿ, ಯಾಕಂದ್ರೆ ಎಲ್ಲಾ ಗೊಂದಲ ಇಲ್ಲೇ ಇರೋದು. ನಮ್ಮ ಎಂಪಿ ಯಾವ ಮಸೂದೆಗೆ ಹೇಗೆ ವೋಟು ಹಾಕಿದ್ರು ಅಂತ ಹುಡುಕೋಕೆ ಹೋದ್ರೆ ತುಂಬಾ ಮಸೂದೆಗಳಿಗೆ ಆ ದಾಖಲೆನೇ ಇಲ್ಲ. ಕಳೆದುಹೋಗಿರೋದಲ್ಲ, ಹುಟ್ಟೇ ಇಲ್ಲ.

ಹೇಗೆ ಅಂದ್ರೆ, ಸ್ಪೀಕರ್ ಮೊದಲು ಪರ ಇರೋರು ಹಾಂ ಅನ್ನಿ ಅಂತಾರೆ, ಆಮೇಲೆ ವಿರೋಧ ಇರೋರು ನಾ ಅನ್ನಿ ಅಂತಾರೆ, ಎರಡೂ ಕಡೆ ಕೂಗು ಕೇಳ್ಕೊಂಡು ಯಾವ ಕಡೆ ಗೆದ್ದಿದೆ ಅಂತ ತಾವೇ ಹೇಳ್ತಾರೆ. ಇದು ಧ್ವನಿಮತ. ಇದ್ರಲ್ಲಿ ಹೆಸರೂ ಇಲ್ಲ, ಸಂಖ್ಯೆನೂ ಇಲ್ಲ. ಆ ತೀರ್ಮಾನನ ಯಾರಾದ್ರೂ ಸದಸ್ಯರು ಒಪ್ಪದೆ ಡಿವಿಷನ್, ಅಂದ್ರೆ ಎಣಿಕೆ ಮಾಡೋ ವೋಟು, ಕೇಳಿದ್ರೆ ಲಾಬಿ ಖಾಲಿ ಮಾಡಿಸ್ತಾರೆ, ಲೋಕಸಭೆಯಲ್ಲಿ ಮೂರೂವರೆ ನಿಮಿಷ ಕೊಡ್ತಾರೆ, ಮತ್ತೆ ಅದೇ ಪ್ರಶ್ನೆ ಹಾಕ್ತಾರೆ, ಆಗಲೂ ಒಪ್ಪದಿದ್ರೆ ಬಟನ್. ಹಸಿರು ಪರ, ಕೆಂಪು ವಿರೋಧ, ಹಳದಿ ತಟಸ್ಥ. ಹೆಸರು ಹುಟ್ಟೋದು ಈ ಹಂತದಲ್ಲಿ. ನಡುವೆ ಇನ್ನೊಂದು ದಾರಿ ಇದೆ: ಡಿವಿಷನ್ ಕೇಳಿದ್ದು ಅನಾವಶ್ಯಕ ಅಂತ ಸ್ಪೀಕರ್‌ಗೆ ಅನ್ನಿಸಿದ್ರೆ ಸದಸ್ಯರನ್ನ ನಿಂತ್ಕೊಳ್ಳೋಕೆ ಹೇಳಿ ತಲೆ ಎಣಿಸಬಹುದು, ಅಲ್ಲೂ ಹೆಸರು ದಾಖಲಾಗಲ್ಲ.

2020ರ ಸೆಪ್ಟೆಂಬರ್ 20ಕ್ಕೆ ರಾಜ್ಯಸಭೆಯಲ್ಲಿ ಕೃಷಿ ಮಸೂದೆಗಳು ಧ್ವನಿಮತದಲ್ಲೇ ಪಾಸಾದವು, ವಿರೋಧ ಪಕ್ಷದವರು ಡಿವಿಷನ್ ಕೇಳ್ತಾನೇ ಇದ್ರು, ದೊಡ್ಡ ಗಲಾಟೆ ಆಯ್ತು. ಅಷ್ಟು ದೊಡ್ಡ ವಿಷಯದಲ್ಲಿ ಆ ಸದನದ ಒಬ್ಬೊಬ್ಬರ ವೋಟು ಇವತ್ತು ಹುಡುಕಿದ್ರೂ ಸಿಗಲ್ಲ. ನನಗೆ ಇದು ನಿಜವಾಗ್ಲೂ ಬೇಜಾರಿನ ಸಂಗತಿ, ವೋಟು ಹಾಕಿ ಕಳಿಸಿದವರಿಗೆ ಆ ಹೆಸರು ನೋಡೋ ಹಕ್ಕು ಇರಬೇಕಿತ್ತು.

ಸಂವಿಧಾನ ತಿದ್ದುಪಡಿ ಮಾತ್ರ ಹೀಗೆ ತಪ್ಪಿಸ್ಕೊಳ್ಳಲ್ಲ. ವಿಧಿ 368 ಪ್ರಕಾರ ಒಟ್ಟು ಸದಸ್ಯರಲ್ಲಿ ಬಹುಮತ, ಜೊತೆಗೆ ಹಾಜರಿದ್ದು ವೋಟು ಹಾಕಿದವರಲ್ಲಿ ಮೂರನೇ ಎರಡು ಭಾಗ ಬೇಕು, ಕೂಗಿನಲ್ಲಿ ಇದನ್ನ ಲೆಕ್ಕ ಹಾಕೋಕಾಗಲ್ಲ. ಮಹಿಳಾ ಮೀಸಲಾತಿ ಮಸೂದೆಗೆ 2023ರ ಸೆಪ್ಟೆಂಬರ್ 20ಕ್ಕೆ ಲೋಕಸಭೆಯಲ್ಲಿ 454 ಪರ, 2 ವಿರೋಧ ಅಂತ ಪಕ್ಕಾ ಸಂಖ್ಯೆ ಇರೋದು ಅದಕ್ಕೇ. ಹಾಗಾಗಿ ಎಂಪಿ ವೋಟು ಹುಡುಕೋದಿದ್ರೆ ಸಂವಿಧಾನ ತಿದ್ದುಪಡಿ ಮಸೂದೆಗಳಿಂದ ಶುರು ಮಾಡಿ, ಟೈಮ್ ಉಳಿಯುತ್ತೆ.

ಡಿವಿಷನ್ ಪಟ್ಟಿ ಸಿಕ್ಕಿದ್ರೂ ಮೊದಲ ಸಂಖ್ಯೆ ಬರ್ಕೊಂಡು ಎದ್ದು ಹೋಗ್ಬೇಡಿ. 2024ರ ಡಿಸೆಂಬರ್ 17ಕ್ಕೆ ಒಂದು ದೇಶ ಒಂದು ಚುನಾವಣೆ ಮಸೂದೆ ಮಂಡನೆಗೆ ವೋಟಾದಾಗ ಪರದೆ ಮೇಲೆ ಮೊದಲು ಬಂದಿದ್ದು 220–149, ಬಟನ್ ಸರಿಯಾಗಿ ಒತ್ತದವರು, ತಿದ್ದುಪಡಿ ಮಾಡ್ಬೇಕಾದವರು ಚೀಟಿ ಕೊಟ್ಟ ಮೇಲೆ ಅದು 269–198 ಆಯ್ತು. ಸ್ಪೀಕರ್ ಫಲಿತಾಂಶ ಓದುವಾಗ ತಿದ್ದುಪಡಿಗೆ ಒಳಪಟ್ಟು ಅಂತ ಸೇರಿಸೋದು ಇದಕ್ಕೇ. ಕಲಾಪದ ವರದಿಯಲ್ಲಿ ಹೆಸರುಗಳ ಕೆಳಗೆ ಸಣ್ಣಕ್ಷರದಲ್ಲಿ ಚೀಟಿಯವರ ಹೆಸರು ಇರುತ್ತೆ, ನಿಮ್ಮ ಎಂಪಿ ಅಲ್ಲಿರಬಹುದು.

ಹೆಸರು ಎಲ್ಲೂ ಇಲ್ಲ ಅಂದ್ರೆ? ವಕ್ಫ್ ತಿದ್ದುಪಡಿ ಮಸೂದೆ ತಗೊಳ್ಳಿ, 288 ಪರ, 232 ವಿರೋಧ, ಕೂಡಿದ್ರೆ 520. ಲೋಕಸಭೆ 543, ಉಳಿದ 23 ಎಲ್ಲಾ ಗೈರು ಅಂತ ಬರ್ದುಬಿಡೋದು ಸುಲಭ, ಆದ್ರೆ ಪೀಠದಲ್ಲಿರೋರು ವಿಧಿ 100ರ ಪ್ರಕಾರ ಸಮ ಸಮ ಆದಾಗ ಮಾತ್ರ ವೋಟು ಹಾಕೋದು, ಖಾಲಿ ಸೀಟೂ ಇರ್ತವೆ. ಮತ್ತೆ ಆ ವೋಟಿಂಗ್ ನಡೆದಿದ್ದು 2025ರ ಏಪ್ರಿಲ್ 2ರ ಮಧ್ಯರಾತ್ರಿ ದಾಟಿ 3ನೇ ತಾರೀಖು ಶುರುವಾದ ಮೇಲೆ. ಹಗಲು ಹಾಜರಿ ಹಾಕಿದವರು ಆ ಹೊತ್ತಿಗೂ ಸೀಟಲ್ಲಿದ್ರು ಅಂತ ಹಾಜರಿ ನೋಡಿ ಹೇಳೋಕಾಗಲ್ಲ.

ಈಗ ಪೆನ್ಸಿಲ್ ಪ್ರಶ್ನೆ, ತೀರ್ಮಾನ ಯಾರದು? ಬಹುತೇಕ ಪಾರ್ಟಿದು. 1985ರ 52ನೇ ತಿದ್ದುಪಡಿಯಲ್ಲಿ ಬಂದ ಹತ್ತನೇ ಅನುಸೂಚಿ (ಪಕ್ಷಾಂತರ ತಡೆ ಕಾನೂನು) ಪ್ರಕಾರ ವಿಪ್, ಅಂದ್ರೆ ಹೀಗೇ ವೋಟು ಹಾಕಿ ಅನ್ನೋ ಪಾರ್ಟಿ ಆದೇಶ, ಮೀರಿ ವೋಟು ಹಾಕಿದ್ರೂ, ವೋಟು ಹಾಕದೇ ಕೂತ್ರೂ, 15 ದಿನದೊಳಗೆ ಪಾರ್ಟಿ ಮನ್ನಿಸದಿದ್ರೆ ಸದಸ್ಯತ್ವಕ್ಕೇ ಕುತ್ತು. 1999ರ ಏಪ್ರಿಲ್ 17ಕ್ಕೆ ವಾಜಪೇಯಿ ಸರ್ಕಾರ 269–270ರಲ್ಲಿ, ಒಂದೇ ವೋಟಿಗೆ ಬಿದ್ದಿದ್ದು ನೆನಪಿದ್ರೆ ಪಾರ್ಟಿಗಳು ವಿಪ್ ವಿಷಯದಲ್ಲಿ ಯಾಕೆ ಅಷ್ಟು ಬಿಗಿ ಅಂತ ಅರ್ಥ ಆಗುತ್ತೆ.

ಹಾಜರಿ, ಪ್ರಶ್ನೆ

ಹಾಜರಿ ಬೇಗ ಮುಗಿಸ್ತೀನಿ. ಹಾಜರಿ ಹಾಕಿದ ದಿನಕ್ಕೆ ದಿನಭತ್ಯೆ ಸಿಗುತ್ತೆ, ಎಷ್ಟು ಹೊತ್ತು ಕೂತಿದ್ರು ಅನ್ನೋದು ಅದ್ರಲ್ಲಿ ಇಲ್ಲ. ಮಂತ್ರಿಗಳು ಹಾಜರಿ ಹಾಕಬೇಕಿಲ್ಲ, ಪ್ರಶ್ನೆನೂ ಕೇಳಲ್ಲ, ಉತ್ತರ ಕೊಡೋರೇ ಅವರು. ಇದು ನಮ್ಮ ಕಡೆಯವರಿಗೆ ಮುಖ್ಯ, ಯಾಕಂದ್ರೆ 2024ರಲ್ಲಿ ಮುಂಬೈ ಉತ್ತರದಿಂದ ಗೆದ್ದ ಪಿಯೂಷ್ ಗೋಯಲ್, ಪುಣೆಯ ಮುರಳೀಧರ ಮೊಹೋಳ್, ಉತ್ತರ ಗೋವಾದ ಶ್ರೀಪಾದ್ ನಾಯಕ್ ಮೂವರೂ ಕೇಂದ್ರದಲ್ಲಿ ಮಂತ್ರಿಗಳಾದ್ರು. ಅವರ ಕಾಲಂ ಖಾಲಿ ಅಂದ್ರೆ ಸೋಮಾರಿ ಅಂತಲ್ಲ.

ನನಗೆ ಇಷ್ಟ ಆಗೋದು ಪ್ರಶ್ನೆ, ಎಂಪಿ ಸ್ವಂತ ತಲೆ ಕಾಣೋ ಜಾಗ ಇದೊಂದೇ. ಲೋಕಸಭೆಯಲ್ಲಿ ದಿನಕ್ಕೆ ಚುಕ್ಕೆ ಗುರುತಿನವು (ಸದನದಲ್ಲಿ ಬಾಯಿಮಾತಿನ ಉತ್ತರ) 20, ಚುಕ್ಕೆ ಇಲ್ಲದವು (ಬರಹದ ಉತ್ತರ) 230, ಯಾರದು ಬರ್ಬೇಕು ಅಂತ ಬ್ಯಾಲೆಟ್ ಎತ್ತುತ್ತಾರೆ. ಹಾಗಾಗಿ ಸಂಖ್ಯೆಯಲ್ಲಿ ಅದೃಷ್ಟನೂ ಸೇರಿರುತ್ತೆ, ಒಂದೇ ಪ್ರಶ್ನೆಗೆ ಎರಡ್ಮೂರು ಎಂಪಿಗಳ ಹೆಸರೂ ಇರುತ್ತೆ. ನನ್ನ ಶಾರ್ಟ್‌ಕಟ್: ಎಷ್ಟು ಅಂತ ಎಣಿಸ್ಬೇಡಿ, ಒಂದು ಅಧಿವೇಶನದ ಪ್ರಶ್ನೆಗಳ ಶೀರ್ಷಿಕೆ ಮಾತ್ರ ಓದಿ. ಕಲ್ಯಾಣ್, ಠಾಣೆ ಕಡೆಯ ಎಂಪಿ ಆದ್ರೆ ಲೋಕಲ್ ರೈಲು, ಪಾದಚಾರಿ ಸೇತುವೆ, ಕ್ಷೇತ್ರದ ಕಾರ್ಖಾನೆ ಹೊಗೆ, ಇಂಥವು ಎಷ್ಟಿವೆ, ದೇಶಾದ್ಯಂತ ಯೋಜನೆಗೆ ಎಷ್ಟು ಹಣ ಬಿಡುಗಡೆ ಆಯ್ತು ಅನ್ನೋ ಎಲ್ಲರೂ ಕೇಳೋವು ಎಷ್ಟಿವೆ ನೋಡಿ. ಆಮೇಲೆ ಅದೇ ವಿಷಯ ಮುಂದಿನ ಅಧಿವೇಶನದಲ್ಲಿ ಮತ್ತೆ ಬಂದಿದ್ಯಾ ಹುಡುಕಿ. ಬಿಡದೆ ಬೆನ್ನು ಹತ್ತಿರೋ ಎಂಪಿ ಅಲ್ಲಿ ಕಾಣ್ತಾರೆ.

ದುಡ್ಡು

ಮೂರು ಬೇರೆ ಬೇರೆ ಜೇಬು, ಕಲಸ್ಬೇಡಿ.

ಒಂದು, ಸಂಬಳ ಭತ್ಯೆ. 2023ರ ಏಪ್ರಿಲ್ 1ರಿಂದ ಅನ್ವಯ ಆಗೋ ಹಾಗೆ ತಿಂಗಳಿಗೆ 1,24,000, ದಿನಭತ್ಯೆ 2,500. ಎಲ್ಲಾ ಎಂಪಿಗೂ ದರ ಒಂದೇ.

ಎರಡು, ಖಾಸದಾರ್ ನಿಧಿ, ಅಂದ್ರೆ ಕ್ಷೇತ್ರದ ಕೆಲಸಕ್ಕೆ ಇರೋ ಎಂಪಿ ನಿಧಿ. ಗಾರ್ಡನ್ ಬೆಂಚ್ ಮೇಲೆ, ಶೌಚಾಲಯದ ಗೋಡೆ ಮೇಲೆ ಮರಾಠಿಯಲ್ಲಿ ಬರೆದಿರ್ತಾರಲ್ಲ, ಅದೇ. ವರ್ಷಕ್ಕೆ 5 ಕೋಟಿ, ಅದ್ರಲ್ಲಿ 15% ಪರಿಶಿಷ್ಟ ಜಾತಿ, 7.5% ಪರಿಶಿಷ್ಟ ಪಂಗಡದವರ ಪ್ರದೇಶಕ್ಕೆ, ಅಂದ್ರೆ 75 ಲಕ್ಷ, 37.5 ಲಕ್ಷ. ಈ ದುಡ್ಡು ಎಂಪಿ ಕೈಗೆ ಬರೋದೇ ಇಲ್ಲ, ಅವರು ಶಿಫಾರಸು ಮಾಡ್ತಾರೆ, ಮಂಜೂರು ಮಾಡಿ ಕೆಲಸ ಮಾಡಿಸೋದು ಜಿಲ್ಲಾಡಳಿತ. ಖರ್ಚಾಗದೇ ಉಳಿದಿದ್ದು ಲ್ಯಾಪ್ಸ್ ಆಗಲ್ಲ, ಮುಂದಕ್ಕೆ ಹೋಗುತ್ತೆ. ಬಳಕೆ ಕಡಿಮೆ ಅಂತ ಕಂಡ್ರೆ ಶಿಫಾರಸೇ ಹೋಗಿಲ್ವಾ, ಹೋಗಿ ಮಂಜೂರಿಗೆ ಕಾಯ್ತಿದ್ಯಾ ಅಂತ ಎರಡು ಕಾಲಂ ಪಕ್ಕಪಕ್ಕ ಇಟ್ಟು ನೋಡಿ. ಮೊದಲನೇದು ಎಂಪಿ ಕೊರತೆ, ಎರಡನೇದು ಆಫೀಸಿನದು. ಕೋವಿಡ್ ಕಾಲದಲ್ಲಿ, 2020–21ರಲ್ಲಿ, ನಿಧಿನೇ ನಿಲ್ಲಿಸಿದ್ರು, ಆ ವರ್ಷದ ಸೊನ್ನೆಗೆ ಯಾರನ್ನೂ ಬಯ್ಯೋಕಾಗಲ್ಲ.

ಮೂರು, ಚುನಾವಣಾ ಖರ್ಚು. 2022ರಿಂದ ಲೋಕಸಭೆಗೆ ಮಹಾರಾಷ್ಟ್ರದಲ್ಲಿ 95 ಲಕ್ಷ, ಗೋವಾದಲ್ಲಿ 75 ಲಕ್ಷ ಮಿತಿ. ಇದು ಅಭ್ಯರ್ಥಿಗೆ ಮಾತ್ರ, ಪಾರ್ಟಿ ಖರ್ಚಿಗೆ ಮಿತಿನೇ ಇಲ್ಲ, ಸ್ಟಾರ್ ಪ್ರಚಾರಕರ ಓಡಾಟದ ಖರ್ಚೂ ಇದಕ್ಕೆ ಸೇರಲ್ಲ. ಫಲಿತಾಂಶ ಬಂದು 30 ದಿನದೊಳಗೆ ಲೆಕ್ಕ ಕೊಡ್ಬೇಕು, ಸಕಾರಣ ಇಲ್ದೆ ಕೊಡದಿದ್ರೆ ಚುನಾವಣಾ ಆಯೋಗ ಮೂರು ವರ್ಷ ಅನರ್ಹ ಮಾಡಬಹುದು. ಆ ಲೆಕ್ಕ ಜಿಲ್ಲಾ ಚುನಾವಣಾಧಿಕಾರಿ ಹತ್ರ ಇರುತ್ತೆ, ಶುಲ್ಕ ಕಟ್ಟಿ ಯಾರು ಬೇಕಾದ್ರೂ ನೋಡಬಹುದು, ಸೋತವರದ್ದೂ ಸೇರಿ.