ಎಥೋಸೋಮಲ್ ಜೆಲ್ ಅಂದರೆ ಏನು?

ಅರಿಶಿನ ಹಚ್ಚಿದರೆ ಹಳದಿ ಬಣ್ಣ ಚರ್ಮದ ಮೇಲೆ ಚೆನ್ನಾಗಿ ಹಿಡಿಯುತ್ತದೆ. ಒಳಗೆ ಹೋಗುವುದು ಮಾತ್ರ ಬಹಳ ಕಡಿಮೆ. ಅರಿಶಿನದ ಕರ್ಕ್ಯುಮಿನ್ ಒಂದು ಆಂಟಿ ಆಕ್ಸಿಡೆಂಟ್. ಬಿಸಿಲಿನಿಂದ ಚರ್ಮದಲ್ಲಿ ಹುಟ್ಟಿ ಜೀವಕೋಶಗಳನ್ನು ಹಾಳುಮಾಡುವ ಫ್ರೀ ರಾಡಿಕಲ್‌ಗಳನ್ನು ತಡೆಯುವ ಶಕ್ತಿ ಅದಕ್ಕಿದೆ, ಆದರೆ ಅವು ಇರುವ ಜಾಗಕ್ಕೆ ಅದು ತಲುಪಬೇಕಲ್ವಾ? ಔಷಧಿಯನ್ನು ಸಣ್ಣ ಕೊಬ್ಬಿನ ಗುಳ್ಳೆಗಳಲ್ಲಿ ಸೇರಿಸಿ ಚರ್ಮದೊಳಗೆ ಇಳಿಸುವ ಎಥೋಸೋಮಲ್ ಜೆಲ್ ಇರುವುದು ಅದಕ್ಕಾಗಿ.

ಚರ್ಮದ ತೀರಾ ಮೇಲಿನ ಪದರ ಸುಮಾರು 10ರಿಂದ 20 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್) ದಪ್ಪ, ಅಷ್ಟೇ. ಸತ್ತ ಜೀವಕೋಶಗಳು ಒತ್ತೊತ್ತಾಗಿ ಕೂತಿರುತ್ತವೆ, ನಡುವೆ ಕೊಬ್ಬು ತುಂಬಿರುತ್ತದೆ. ಅಣುತೂಕ 500 ಡಾಲ್ಟನ್‌ಗಿಂತ ಜಾಸ್ತಿ ಇದ್ದರೆ ಅದನ್ನು ದಾಟುವುದು ಕಷ್ಟ ಅನ್ನುವುದು ಚರ್ಮದ ಔಷಧಿ ಮಾಡುವವರ ಲೆಕ್ಕ. ಕರ್ಕ್ಯುಮಿನ್ ತೂಕ 368, ಅಲ್ಲಿ ತೊಂದರೆ ಇಲ್ಲ. ಅದು ನೀರಿನಲ್ಲಿ ಹೆಚ್ಚುಕಡಿಮೆ ಕರಗುವುದೇ ಇಲ್ಲ, ಕರಗದ ಪುಡಿ ಚರ್ಮವನ್ನು ದಾಟುವುದಿಲ್ಲ, ತೊಂದರೆ ಇರುವುದು ಇಲ್ಲಿ.

ಇದಕ್ಕೆ ಒಂದು ಉಪಾಯ ಇದೆ. ಸೋಯಾಬೀನಿನಿಂದ ತೆಗೆಯುವ ಲೆಸಿಥಿನ್‌ನಲ್ಲಿ ಫಾಸ್ಫೋಲಿಪಿಡ್ ಅನ್ನುವ ಕೊಬ್ಬಿದೆ. ಅದರ ಒಂದು ತುದಿಗೆ ನೀರು ಇಷ್ಟ, ಇನ್ನೊಂದು ತುದಿಗೆ ಆಗದು. ನೀರಿಗೆ ಬಿದ್ದಾಗ ಅದು ತಾನಾಗಿಯೇ ಎರಡು ಪದರದ ಸಣ್ಣ ಗುಳ್ಳೆಯಾಗುತ್ತದೆ, ಇದಕ್ಕೆ ವೆಸಿಕಲ್ ಅಂತಾರೆ. ನೀರಿಗೆ ಒಗ್ಗದ ಕರ್ಕ್ಯುಮಿನ್ ಆ ಗುಳ್ಳೆಯ ಗೋಡೆಯಲ್ಲೇ ಸೇರಿಕೊಳ್ಳುತ್ತದೆ. 1960ರ ದಶಕದಲ್ಲಿ ಇಂಗ್ಲೆಂಡಿನ ವಿಜ್ಞಾನಿ ಅಲೆಕ್ ಬ್ಯಾಂಗಮ್ ವಿವರಿಸಿದ ಇಂಥ ಗುಳ್ಳೆಯೇ ಲಿಪೋಸೋಮ್. ಆದರೆ ಮಾಮೂಲಿ ಲಿಪೋಸೋಮ್ ಚರ್ಮದ ಮೇಲ್ಪದರದಲ್ಲೇ ಉಳಿದುಬಿಡುವುದು ಜಾಸ್ತಿ. ಜೆರುಸಲೇಮಿನ ಸಂಶೋಧಕಿ ಎಲ್ಕಾ ತುಯಿತೂ ಇದಕ್ಕೆ ಎಥನಾಲ್, ಅಂದರೆ ಆಲ್ಕೋಹಾಲ್, ಸೇರಿಸಿ ಎಥೋಸೋಮ್ ಮಾಡಿದರು. ಎಥನಾಲ್ ಸಾಮಾನ್ಯವಾಗಿ 20ರಿಂದ 45 ಶೇಕಡಾ ಇರುತ್ತದೆ. ಅದು ಗುಳ್ಳೆಯನ್ನು ಮೆತ್ತಗೆ ಮಾಡುತ್ತದೆ, ಚರ್ಮದ ಕೊಬ್ಬನ್ನೂ ಸಡಿಲಿಸುತ್ತದೆ, ಹಾಗಾಗಿ ಒಳಗಿನ ಸರಕು ಇನ್ನಷ್ಟು ಆಳಕ್ಕೆ ಇಳಿಯುತ್ತದೆ. ಗುಳ್ಳೆ ಇಡಿಯಾಗಿ ದಾಟುತ್ತದೋ ಒಡೆದು ಬೆರೆಯುತ್ತದೋ ಅನ್ನುವ ಚರ್ಚೆ ಸಂಶೋಧಕರಲ್ಲಿ ಇದ್ದೇ ಇದೆ.

ಹಾಗಾದರೆ ಜೆಲ್ ಯಾಕೆ? ಎಥೋಸೋಮ್ ದ್ರವ ನೀರಿನಷ್ಟೇ ತೆಳು, ಹಚ್ಚಿದರೆ ಹರಿದುಹೋಗುತ್ತದೆ. ದ್ರವವನ್ನು ಗಟ್ಟಿ ಮಾಡುವ ಕಾರ್ಬೋಪಾಲ್ ಅನ್ನುವ ಪಾಲಿಮರಿನ ಜೆಲ್‌ನಲ್ಲಿ ಬೆರೆಸಿದರೆ ಹಚ್ಚಿದಲ್ಲೇ ನಿಲ್ಲುತ್ತದೆ. ನನಗೆ ಇಲ್ಲಿ ತುಂಬಾ ಮುಖ್ಯ ಅನಿಸುವುದು ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ. ಕಾರ್ಬೋಪಾಲ್ ಹುಳಿ ಗುಣದ್ದು, ಅದು ಗಟ್ಟಿಯಾಗಲು ಟ್ರೈಎಥನೋಲಮೈನ್‌ನಂಥ ಕ್ಷಾರ ಹಾಕಬೇಕು, ಆದರೆ ಕ್ಷಾರ ಜಾಸ್ತಿಯಾದರೆ ಕರ್ಕ್ಯುಮಿನ್ ಕೆಂಪಾಗಿ ಬೇಗ ಒಡೆದುಹೋಗುತ್ತದೆ. ಆದ್ದರಿಂದ ಚರ್ಮಕ್ಕೂ ಒಗ್ಗುವ 5.5ರ ಆಸುಪಾಸಿನಲ್ಲಿ ನಿಲ್ಲಿಸುವುದು ಒಳ್ಳೆಯದು. ಬೆಳಕಿಗೂ ಕರ್ಕ್ಯುಮಿನ್ ಹಾಳಾಗುತ್ತದೆ, ಪಾರದರ್ಶಕ ಡಬ್ಬಿ ಬೇಡವೇ ಬೇಡ.

ಇಂಥ ಜೆಲ್ ಬಗ್ಗೆ ಓದುವಾಗ ಫ್ರೀ ರಾಡಿಕಲ್ ತಡೆಯುವ ಶಕ್ತಿಯನ್ನು ಅಳೆಯುವ ಡಿಪಿಪಿಎಚ್ ಪರೀಕ್ಷೆ ಒಂದನ್ನೇ ನೋಡಿ ಸುಮ್ನೆ ನಂಬಬೇಡಿ. ಅದರಲ್ಲಿ ಬಳಸುವ ನೇರಳೆ ದ್ರವದ ಬಣ್ಣ ಹೋದರೆ ಆ ವಸ್ತುವಿಗೆ ಶಕ್ತಿ ಇದೆ ಅಂತ ಗೊತ್ತಾಗುತ್ತದೆ, ಅದು ಚರ್ಮ ದಾಟಿತು ಅಂತಲ್ಲ. ಅದನ್ನು ತಿಳಿಯಲು ಫ್ರಾಂಜ್ ಸೆಲ್ ಅನ್ನುವ ಉಪಕರಣ ಬೇಕು. ಎರಡು ಗಾಜಿನ ಕೋಣೆಗಳ ನಡುವೆ ಚರ್ಮದ ತುಂಡು, ಹೆಚ್ಚಾಗಿ ಹಂದಿ ಕಿವಿಯದು, ಇಟ್ಟು ಮೇಲೆ ಜೆಲ್ ಹಚ್ಚುತ್ತಾರೆ. ಕೆಳಗೆ ಇಳಿದದ್ದೆಷ್ಟು, ಚರ್ಮದಲ್ಲೇ ಉಳಿದದ್ದೆಷ್ಟು ಎಂದು ಅಳೆಯುತ್ತಾರೆ. ಬಿಸಿಲಿನಿಂದ ಕಾಪಾಡುವ ಜೆಲ್ ಆದರೆ ನಾನು ನೋಡುವುದು ಎರಡನೇ ಅಂಕಿ, ಯಾಕೆಂದರೆ ಕರ್ಕ್ಯುಮಿನ್ ಕೆಲಸ ಮಾಡಬೇಕಾದ್ದು ಚರ್ಮದಲ್ಲೇ, ರಕ್ತದಲ್ಲಲ್ಲ.