ಕೋಲ್ಕತ್ತಾದ ಚೀನೀಯರೆಲ್ಲ 1962ರಲ್ಲಿ ಚೀನಾಕ್ಕೆ ಹೋದರೇ?

ಪ್ರಶ್ನೆ: ಕೋಲ್ಕತ್ತಾದ ಚೈನಾಟೌನ್‌ನಲ್ಲಿ ಈಗ ಚೀನೀಯರೇ ಇಲ್ಲವಂತೆ. ಯುದ್ಧ ಮುಗಿದ ಮೇಲೆ ಎಲ್ಲರೂ ತಮ್ಮ ದೇಶಕ್ಕೆ ಹೋದರಂತೆ, ನಿಜವೇ?

ಇಲ್ಲ ಮಾರಾಯ್ರೇ. ಮೊದಲನೆಯದಾಗಿ, ಅಲ್ಲಿರುವ ಚೈನಾಟೌನ್ ಎರಡು. ಲಾಲ್‌ಬಜಾರ್ ಬಳಿಯ ತಿರೆಟ್ಟಾ ಬಜಾರ್ ಹಳೆಯದು. ಭಾನುವಾರ ಬೆಳಗ್ಗೆ ಆರಕ್ಕೇ ಪೊದ್ದಾರ್ ಕೋರ್ಟ್ ಪಕ್ಕ ಮೀನುಂಡೆಯ ಸೂಪು, ಹಂದಿಮಾಂಸದ ಬನ್ನು ಮಾರುವುದು ಅಲ್ಲೇ. ಒಂಬತ್ತಕ್ಕೆ ಹೋದರೆ ಖಾಲಿ ಪಾತ್ರೆ ನೋಡಿ ಬರಬೇಕು. ಇನ್ನೊಂದು, ಊರಿನ ಪೂರ್ವದಂಚಿನ ಟಾಂಗ್ರಾ. 1910ರ ಸುಮಾರಿಗೆ ಹಕ್ಕಾ ಎಂಬ ಚೀನೀ ಪಂಗಡದ ಜನ ಅಲ್ಲಿನ ಜೌಗು ನೆಲದಲ್ಲಿ ಚರ್ಮ ಹದ ಮಾಡಲು ಶುರುಮಾಡಿದರು. ಮೇಲ್ಜಾತಿಯವರು ಮುಟ್ಟದ ಕಸುಬು, ಹಾಗಾಗಿ ಪೈಪೋಟಿ ಕಡಿಮೆ.

ಇನ್ನು ಆ "ತಮ್ಮ ದೇಶ". ಹದಿನೆಂಟನೇ ಶತಮಾನದಲ್ಲಿ, ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸ್ ಕಾಲದಲ್ಲೇ, ಕೋಲ್ಕತ್ತಾ ಬಳಿಯ ಬಜ್‌ಬಜ್ ಹತ್ತಿರ ಜಮೀನು ಪಡೆದು ಸಕ್ಕರೆ ಕಾರ್ಖಾನೆ ಹಾಕಿದ ಆಚ್ಯೂ ಎಂಬ ಚೀನೀಯನ ಹೆಸರಲ್ಲಿ ಇವತ್ತಿಗೂ ಅಚಿಪುರ ಎಂಬ ಊರಿದೆ. 1962ರ ಹೊತ್ತಿಗೆ ಇಲ್ಲೇ ಹುಟ್ಟಿ ಬೆಳೆದವರು ಬೇಕಾದಷ್ಟಿದ್ದರು. ಯುದ್ಧಕಾಲದ ಕಾನೂನಿಗೆ ಅದು ಲೆಕ್ಕಕ್ಕೇ ಬರಲಿಲ್ಲ, ಪರಕೀಯರೆಂದು ಹಿಡಿಯಲು ಅಜ್ಜ ಚೀನಾದವನಾಗಿದ್ದರೂ ಸಾಕಿತ್ತು. ಸುಮಾರು 3,000 ಜನರನ್ನು, ಹೆಂಗಸರು ಮಕ್ಕಳ ಸಮೇತ, ರಾಜಸ್ಥಾನದ ದೇವಲಿ ಶಿಬಿರಕ್ಕೆ ಸಾಗಿಸಿದರು. ಅವರಲ್ಲಿ ಹೆಚ್ಚಿನವರು ಅಸ್ಸಾಂ, ಶಿಲ್ಲಾಂಗ್, ಡಾರ್ಜಿಲಿಂಗ್ ಕಡೆಯವರು, ಕೋಲ್ಕತ್ತಾದವರು ಕಡಿಮೆ. 1963ರಲ್ಲಿ ಚೀನಾ ಮದ್ರಾಸಿಗೆ ಹಡಗು ಕಳಿಸಿ ಸುಮಾರು 2,400 ಜನರನ್ನು ಕರೆಸಿಕೊಂಡಿತು. ಅಷ್ಟೇ. ಉಳಿದವರು ಇಲ್ಲೇ ಇದ್ದರು. ಊರು ಬಿಟ್ಟು ಹೋಗಿಬರಲು ಪೊಲೀಸರ ಅನುಮತಿ ಬೇಕಿತ್ತು, ಪೌರತ್ವಕ್ಕೆ ವರ್ಷಗಟ್ಟಲೆ ಅಲೆಯಬೇಕಿತ್ತು. ಶಿಬಿರದಿಂದ ಮನೆಗೆ ಬಂದವರಲ್ಲಿ ಹಲವರ ಆಸ್ತಿ ಆಗಲೇ ಹರಾಜಾಗಿತ್ತು.

ಆಮೇಲೆ ಜನ ಹೋದದ್ದು ನಿಜ, ಆದರೆ ಬಹುಪಾಲು ಕೆನಡಾದ ಟೊರೊಂಟೊ ಕಡೆಗೆ. ಅಲ್ಲಿ "ಹಕ್ಕಾ ಚೈನೀಸ್" ಎಂದು ಬೋರ್ಡು ಹಾಕಿದ ಹೋಟೆಲಲ್ಲಿ ಚಿಲ್ಲಿ ಚಿಕನ್ ಸಿಗುವುದು ಇದೇ ಕಾರಣಕ್ಕೆ. (ಗೋಬಿ ಮಂಚೂರಿ ಎಲ್ಲಿಯದು ಎಂದು ಈಗ ಕೇಳಬೇಡಿ, ಅದು ಬೇರೆಯದೇ ಪುರಾಣ.) 1996ರ ಡಿಸೆಂಬರಿನಲ್ಲಿ ಟ್ಯಾನರಿಗಳನ್ನು, ಅಂದರೆ ಚರ್ಮ ಹದ ಮಾಡುವ ಕಾರ್ಖಾನೆಗಳನ್ನು, ಊರಾಚೆ ಸಾಗಿಸಲು ಸುಪ್ರೀಂ ಕೋರ್ಟ್ ಆದೇಶಿಸಿತು. ಅದಕ್ಕೆಂದು ಗೊತ್ತುಮಾಡಿದ ಬಂತಲಾಕ್ಕೆ ಹೋಗುವ ಖರ್ಚು ತಡೆಯಲಾಗದ ಎಷ್ಟೋ ಮನೆಯವರು ಕಸುಬು ಬಿಟ್ಟರು. ಹಲವು ಟ್ಯಾನರಿಗಳ ಜಾಗದಲ್ಲಿ ಹೋಟೆಲು ಎದ್ದಿತು. ಜನ ಕಡಿಮೆಯಾದ ಹೊಣೆಯನ್ನೆಲ್ಲ ಯುದ್ಧದ ಮೇಲೆ ಹಾಕುವ ಬದಲು ಒಂದು ಪಾಲನ್ನು ಈ ಆದೇಶದ ಖಾತೆಗೂ ಬರೆಯಿರಿ. ಈಗ ಕೋಲ್ಕತ್ತಾದಲ್ಲಿ ಉಳಿದಿರುವ ಚೀನೀಯರು 2,000ದ ಆಸುಪಾಸು.

ಯಾರೂ ಕೇಳದಿದ್ದರೂ ಪತ್ರಿಕೆಯ ವಿಷಯ ಹೇಳಿಬಿಡುತ್ತೇನೆ. ಯುದ್ಧವಾಗಿ ಏಳೇ ವರ್ಷಕ್ಕೆ, 1969ರಲ್ಲಿ, ಕೋಲ್ಕತ್ತಾದಲ್ಲಿ "ಸಿಯಾಂಗ್ ಪೋ" ಎಂಬ ಚೀನೀ ದಿನಪತ್ರಿಕೆ ಹುಟ್ಟಿತು. ಎಲ್ಲರೂ ಹೊರಟುಹೋಗಿದ್ದರೆ ಓದುವವರು ಯಾರಿದ್ದರು? ನಾಲ್ಕೇ ಪುಟ: ಚೀನಾ, ತೈವಾನ್, ಹಾಂಕಾಂಗ್ ಸುದ್ದಿ, ಜೊತೆಗೆ ಕೋಲ್ಕತ್ತಾದ ಇಂಗ್ಲಿಷ್ ಪತ್ರಿಕೆಗಳಿಂದ ಅನುವಾದಿಸಿದ್ದು. ನಮ್ಮ ವರ್ಣಮಾಲೆಯನ್ನು ಮಗು ಒಂದು ವರ್ಷದಲ್ಲಿ ಕಲಿಯುತ್ತದೆ. ಚೀನೀ ಪತ್ರಿಕೆ ಸಲೀಸಾಗಿ ಓದಲು ಎರಡು ಮೂರು ಸಾವಿರ ಅಕ್ಷರಚಿಹ್ನೆ ನೆನಪಿರಬೇಕು, ಅದಕ್ಕೆ ಚೀನೀ ಶಾಲೆಯೇ ಬೇಕು. ಮಕ್ಕಳು ಇಂಗ್ಲಿಷ್ ಶಾಲೆಗೆ ಹೊರಟರು, ಟಾಂಗ್ರಾದ ಪೇ ಮೇ ಎಂಬ ಚೀನೀ ಶಾಲೆ ಮುಚ್ಚಿತು. 2020ರ ಮಾರ್ಚಿನ ಲಾಕ್‌ಡೌನ್‌ಗೆ ಪತ್ರಿಕೆ ನಿಂತಾಗ ಅದನ್ನು ಓದಬಲ್ಲವರು ಹೆಚ್ಚಾಗಿ ಮುದುಕರೇ. ಅದೇ ವರ್ಷ ಸಂಪಾದಕರೂ ತೀರಿಕೊಂಡರು.